ಕಡಲ ಹಕ್ಕಿಯ ಬೆಲೆ

ಸಮುದ್ರದ ಹಕ್ಕಿಗಳನ್ನು ಎಣಿಸುವುದು, ಅವುಗಳ ಪರವಾಗಿ ಸರ್ಕಾರಗಳಿಗೆ ಸಲಹೆ ಕೊಡುವುದು, ಇದೂ ಒಬ್ಬ ಮನುಷ್ಯನ ಜೀವಮಾನದ ವೃತ್ತಿಯಾಗಬಹುದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅದಕ್ಕೆ ಮುಂಚೆ ಎಷ್ಟೋ ವರ್ಷ ನಾನು ತರಗತಿಯಲ್ಲಿ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಕವನವನ್ನು ಪಾಠ ಹೇಳಿದ್ದೆ. ಅದರಲ್ಲಿ ಬರುವ ಆಲ್ಬಟ್ರಾಸ್ ಹಕ್ಕಿ ಪಾಪದ ಸಂಕೇತವೆಂದೋ ನಿಸರ್ಗದ ಸಂಕೇತವೆಂದೋ ಹುಡುಗರಿಗೆ ಟಿಪ್ಪಣಿ ಬರೆಸಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಆ ಹಕ್ಕಿ ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡು ಆ ಸಂಜೆ ಗ್ರಂಥಾಲಯಕ್ಕೆ ಹೋದೆ. ಪ್ರಾಣಿಶಾಸ್ತ್ರದ ಕಪಾಟಿನಲ್ಲಿ, ಬಹುಕಾಲದಿಂದ ಯಾರೂ ಮುಟ್ಟದೆ ಅಂಚು ಹಳದಿಯಾಗಿದ್ದ ಒಂದು ಪುಸ್ತಕ ಸಿಕ್ಕಿತು. ಹೆಸರು ‘ಲಾಗ್‌ಬುಕ್ ಫಾರ್ ಗ್ರೇಸ್’. ಬರೆದವನು ರಾಬರ್ಟ್ ಕುಷ್‌ಮನ್ ಮರ್ಫಿ. ಅಂದು ರಾತ್ರಿ ಅದನ್ನು ಓದುತ್ತ ಕುಳಿತವನು ಎದ್ದದ್ದು ಬೆಳಗಿನ ಜಾವಕ್ಕೆ. ಹುಡುಗನ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ಆ ಗ್ರಂಥಕರ್ತನು ನನ್ನನ್ನು ಬಿಡಲಿಲ್ಲ. ಅಲ್ಲಿಂದೀಚೆಗೆ ಅವನ ಜೀವನದ ಬೇರೆ ಬೇರೆ ತುಣುಕುಗಳನ್ನು ಸಿಕ್ಕಿದಲ್ಲೆಲ್ಲ ಆಯ್ದುಕೊಂಡು ಬಂದಿದ್ದೇನೆ.

ಮರ್ಫಿ ಹುಟ್ಟಿದ್ದು 1887ರ ಏಪ್ರಿಲ್ 29ರಂದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ಬೆಳೆದದ್ದು ಲಾಂಗ್ ಐಲೆಂಡಿನ ಉತ್ತರದ ದಡದಲ್ಲಿ. ಕೊಲ್ಲಿಗಳು, ಜೌಗು, ಮರಳದಿಬ್ಬ, ಬಾತುಕೋಳಿಗಳ ನಾಡು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಿ 1911ರಲ್ಲಿ ಪದವೀಧರನಾಗಿ, ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದನು. ಗ್ರೇಸ್ ಬಾರ್‌ಸ್ಟೋ ಎಂಬ ಕನ್ಯೆಯೊಡನೆ ವಿವಾಹ ನಿಶ್ಚಯವಾಗಿದ್ದಿತು. ಅಷ್ಟರಲ್ಲಿ ಒಂದು ಅವಕಾಶ ಒದಗಿತು. ‘ಡೈಸಿ’ ಎಂಬ ಹಾಯಿಹಡಗು ತಿಮಿಂಗಿಲ ಬೇಟೆಗೂ ಕಡಲಾನೆಗಳ ಎಣ್ಣೆಗೂ ದಕ್ಷಿಣ ಜಾರ್ಜಿಯ ದ್ವೀಪಕ್ಕೆ ಹೊರಟಿದ್ದಿತು; ಅದರಲ್ಲಿ ಒಬ್ಬ ನಿಸರ್ಗಶಾಸ್ತ್ರಜ್ಞನನ್ನು ಕಳುಹಿಸಲು ನ್ಯೂಯಾರ್ಕಿನ ಎರಡು ವಸ್ತುಸಂಗ್ರಹಾಲಯಗಳು ಸೇರಿ ಏರ್ಪಾಡು ಮಾಡಿದ್ದವು. ಹೋದರೆ ಹಿಂದಿರುಗಲು ಒಂದು ವರ್ಷವಾದರೂ ಬೇಕು. ತರುಣನು ಹಿಂಜರಿದನು. ಹೋಗಬೇಕೆಂದು ಒತ್ತಾಯ ಮಾಡಿದವಳು ಗ್ರೇಸ್. 1912ರ ಫೆಬ್ರವರಿಯಲ್ಲಿ ಮದುವೆಯಾಯಿತು. ಅದೇ ವರ್ಷದ ಬೇಸಗೆಯಲ್ಲಿ ವೆಸ್ಟ್ ಇಂಡೀಸಿನವರೆಗೆ ಗಂಡನ ಜೊತೆಗೆ ಬಂದ ಆಕೆ ಅಲ್ಲಿಂದ ಊರಿಗೆ ಮರಳಿದಳು. ಮರ್ಫಿ ಡೊಮಿನಿಕ ದ್ವೀಪದಲ್ಲಿ ‘ಡೈಸಿ’ಯನ್ನು ಹತ್ತಿದನು. ಹಡಗಿನ ಕಾಗದಪತ್ರಗಳಲ್ಲಿ ಅವನ ಹುದ್ದೆ ಸಹಾಯಕ ನಾವಿಕನೆಂದು. ಹಕ್ಕಿ ನೋಡುವವನಿಗೆ ತಿಮಿಂಗಿಲದ ಹಡಗಿನಲ್ಲಿ ಬೇರಾವ ಹೆಸರೂ ಇರಲಿಲ್ಲ.

ಆ ಯಾನದ ಉದ್ದಕ್ಕೂ ಅವನು ಪ್ರತಿದಿನವೂ ಹೆಂಡತಿಗೆಂದು ದಿನಚರಿ ಬರೆದನು. ಟಪಾಲಿಗೆ ಹಾಕುವ ಸಂದರ್ಭ ಬಹುಮಟ್ಟಿಗೆ ಇರಲಿಲ್ಲವಾದ್ದರಿಂದ, ಅದು ಪತ್ರವೂ ಹೌದು, ಲೆಕ್ಕದ ಪುಸ್ತಕವೂ ಹೌದು. 35 ವರ್ಷ ಪೆಟ್ಟಿಗೆಯಲ್ಲಿದ್ದು 1947ರಲ್ಲಿ ಅದು ಅಚ್ಚಾಯಿತು. ನನಗೆ ಸಿಕ್ಕಿದ್ದು ಅದೇ. ಪ್ರೇಮಪತ್ರವಾಗಿ ಅದನ್ನು ಮೆಚ್ಚಿದವರು ಹಲವರಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಅದರಲ್ಲಿನ ಕಣ್ಣು. ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ, 1912ರ ಅಕ್ಟೋಬರ್ ತಿಂಗಳಿನಲ್ಲಿ, ಅವನು ಮೊದಲ ಆಲ್ಬಟ್ರಾಸನ್ನು ಕಂಡನು. ಬಿಚ್ಚಿದರೆ ಹತ್ತು ಹನ್ನೊಂದು ಅಡಿ ಹರಡುವ ರೆಕ್ಕೆಗಳನ್ನು ಬಡಿಯದೆಯೇ, ಅಲೆಯ ಮೇಲಿನ ಗಾಳಿಯ ಏರಿಳಿತವನ್ನೇ ಮೆಟ್ಟಿಲು ಮಾಡಿಕೊಂಡು ಗಂಟೆಗಟ್ಟಲೆ ಹಾರುವ ಹಕ್ಕಿ. ಆ ದಿನದ ಅವನ ಬರಹದಲ್ಲಿ ದೀಕ್ಷೆ ಪಡೆದವನ ಸಂಭ್ರಮವಿದೆ. ಮರುದಿನದ ಬರಹದಲ್ಲಿ ಗಾಳಿಯ ದಿಕ್ಕು, ನೀರಿನ ಉಷ್ಣತೆ, ಕಂಡ ಹಕ್ಕಿಗಳ ಸಂಖ್ಯೆ ಮತ್ತೆ ಕಾಣಿಸಿಕೊಳ್ಳುತ್ತವೆ. ಈ ಎರಡನ್ನೂ ಒಂದೇ ಕೈ ಬರೆಯಬಲ್ಲದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕೆಂದು ನನ್ನ ಆಸೆ.

ದಕ್ಷಿಣ ಜಾರ್ಜಿಯ ಸುಮಾರು ನೂರು ಮೈಲು ಉದ್ದದ, ಹಿಮನದಿಗಳು ನೇರವಾಗಿ ಕಡಲಿಗೆ ಇಳಿಯುವ ದ್ವೀಪ. ನಾರ್ವೆಯ ಲಾರ್ಸನ್ ಎಂಬವನು 1904ರಲ್ಲಿ ಅಲ್ಲಿಯ ಗ್ರಿತ್ವಿಕೆನ್ನಿನಲ್ಲಿ ಆವಿಯಂತ್ರದ ತಿಮಿಂಗಿಲ ಕಾರ್ಖಾನೆಯನ್ನು ಸ್ಥಾಪಿಸಿದ್ದನು. ಹಾಯಿಹಡಗಿನ ಹಳೆಯ ಬೇಟೆಗಾರರೊಡನೆ ಹೋದ ಮರ್ಫಿ ಅಲ್ಲಿ ಹೊಸ ಬೇಟೆಗಾರರನ್ನೂ ಕಂಡನು. ಮುಳುಗುತ್ತಿದ್ದ ಒಂದು ಯುಗದ ಹಡಗಿನಲ್ಲಿ ನಿಂತು, ಅದಕ್ಕಿಂತ ನೂರ್ಮಡಿ ಸಮರ್ಥವಾಗಿ ಕೊಲ್ಲಬಲ್ಲ ಇನ್ನೊಂದು ಯುಗವನ್ನು ನೋಡಿದ ಸಾಕ್ಷಿ ಅವನು.

‘ಡೈಸಿ’ ಲಂಗರು ಹಾಕಿದ್ದು ದ್ವೀಪದ ಉತ್ತರ ತೀರದ ಬೇ ಆಫ್ ಐಲ್ಸ್ ಎಂಬ ಕೊಲ್ಲಿಯಲ್ಲಿ. ಅಲ್ಲಿಯ ದಡದಲ್ಲಿ ಮೂರು ಟನ್ನಿಗೂ ಮಿಕ್ಕಿ ತೂಗುವ ಕಡಲಾನೆಗಳು ಮಲಗಿದ್ದವು. ನಾವಿಕರು ಅವುಗಳನ್ನು ಕೊಂದು, ಕೊಬ್ಬನ್ನು ಸುಲಿದು, ಕಡಾಯಿಗಳಲ್ಲಿ ಕಾಸಿ ಎಣ್ಣೆ ತೆಗೆದರು. ಗಂಡುಗಳನ್ನು ಮಾತ್ರ ಕೊಲ್ಲಬೇಕೆಂಬ ನಿಯಮವಿದ್ದರೂ ಹೆಣ್ಣುಗಳನ್ನೂ ಎಳೆಯವುಗಳನ್ನೂ ಬಿಡಲಿಲ್ಲ. ಮರ್ಫಿ ಇದನ್ನು ಮುಚ್ಚಿಡಲಿಲ್ಲ. ಊರಿಗೆ ಬಂದ ಮೇಲೆ ಈ ಪ್ರಾಣಿಗಳ ನಾಶದ ವಿಚಾರವಾಗಿ ಬರೆದನು. ಆದರೆ ಅವನ ಕೈಯೂ ಶುದ್ಧವಲ್ಲ. ವಸ್ತುಸಂಗ್ರಹಾಲಯಕ್ಕಾಗಿ ಅವನೂ ಹಕ್ಕಿಗಳನ್ನು ಹೊಡೆದು ಚರ್ಮ ಸುಲಿದವನೇ. ಆ ಕಾಲದ ಪಕ್ಷಿಶಾಸ್ತ್ರ ಬಂದೂಕಿನಿಂದಲೇ ಆರಂಭವಾಗುತ್ತಿದ್ದಿತು. ಅಂದಿನ ಮನುಷ್ಯನನ್ನು ಇಂದಿನ ತಕ್ಕಡಿಯಲ್ಲಿ ತೂಗಬಾರದೆಂದು ಹೇಳುವುದು ಸುಲಭ; ನನಗಂತೂ ಆ ಪುಟಗಳನ್ನು ಓದುವಾಗ ಮನಸ್ಸು ಮುದುಡುತ್ತದೆ. ಅದೇ ಕೈ ಸಂಜೆಗಳಲ್ಲಿ ಆಲ್ಬಟ್ರಾಸ್‌ಗಳ ಪ್ರಣಯನೃತ್ಯವನ್ನು ಹೆಜ್ಜೆಹೆಜ್ಜೆಯಾಗಿ ವರ್ಣಿಸಿದೆ. ಆ ಕೊಲ್ಲಿಯ ನಕ್ಷೆಯನ್ನೂ ಅವನು ತಯಾರಿಸಿದನು. ಆಲ್ಬಟ್ರಾಸ್ ದ್ವೀಪ, ಪ್ರಿಯಾನ್ ದ್ವೀಪ ಎಂಬ ಹೆಸರುಗಳು ಅವನಿಟ್ಟವು. ಅಲ್ಲಿ ಕಡಲಿಗಿಳಿಯುವ ಒಂದು ಹಿಮನದಿಗೆ ತನ್ನ ವಿಶ್ವವಿದ್ಯಾಲಯದ ಹೆಸರಿನ ಲ್ಯಾಟಿನ್ ರೂಪವನ್ನೂ, ಇನ್ನೊಂದಕ್ಕೆ ಗ್ರೇಸ್ ಎಂದೂ ಹೆಸರಿಟ್ಟನು.

1913ರಲ್ಲಿ ಹಿಂದಿರುಗಿದ ಮೇಲೆ ಅವನ ದಾರಿ ನಿಶ್ಚಿತವಾಯಿತು. 1921ರಿಂದ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಕೆಲಸ. ಮುಂದೆ ಅಲ್ಲಿಯ ಪಕ್ಷಿವಿಭಾಗದ ಮುಖ್ಯಸ್ಥ. ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನಲ್ಲಿ ರಾತ್ಸ್‌ಚೈಲ್ಡ್ ಪ್ರಭು ಕೂಡಿಟ್ಟಿದ್ದ ಸುಮಾರು 2,80,000 ಪಕ್ಷಿಚರ್ಮಗಳನ್ನು ಆ ಸಂಸ್ಥೆ ಕೊಂಡಾಗ, 1932ರಲ್ಲಿ ಅಲ್ಲಿಗೆ ಹೋಗಿ ಅವುಗಳನ್ನು ಕಟ್ಟಿ ಕಳುಹಿಸಿದವನೂ ಅವನೇ. 1936ರಲ್ಲಿ ‘ಓಷಿಯಾನಿಕ್ ಬರ್ಡ್ಸ್ ಆಫ್ ಸೌತ್ ಅಮೆರಿಕ’ ಎಂಬ ಎರಡು ಸಂಪುಟಗಳ ಗ್ರಂಥ ಹೊರಬಂದಿತು. ಪಾಂಡಿತ್ಯಕ್ಕೆ ಕೊಡುವ ಬ್ರೂಸ್ಟರ್ ಪದಕ ಅದಕ್ಕೆ ದೊರೆಯಿತು. ನಿಸರ್ಗಸಾಹಿತ್ಯಕ್ಕೆ ಕೊಡುವ ಜಾನ್ ಬರೋಸ್ ಪದಕವೂ 1938ರಲ್ಲಿ ದೊರೆಯಿತು. ಶಾಸ್ತ್ರಗ್ರಂಥವೊಂದು ಸಾಹಿತ್ಯದ ಪದಕವನ್ನೂ ಪಡೆಯುವುದು ಅಪರೂಪ.

ಆ ಗ್ರಂಥದ ತಿರುಳನ್ನು ಎರಡು ಮಾತಿನಲ್ಲಿ ಹೇಳಬಹುದು. ದಡದಲ್ಲಿ ನಿಂತು ನೋಡುವವನಿಗೆ ಕಡಲೆಲ್ಲ ಒಂದೇ. ಹಕ್ಕಿಗೆ ಹಾಗಲ್ಲ. ಮಲೆನಾಡು, ಬಯಲುಸೀಮೆ, ಕರಾವಳಿ ಎಂದು ನಾವು ನೆಲವನ್ನು ವಿಂಗಡಿಸುವಂತೆ ಸಮುದ್ರದಲ್ಲಿಯೂ ಸೀಮೆಗಳಿವೆ. ನೀರಿನ ಉಷ್ಣತೆ, ಉಪ್ಪು, ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಆ ಸೀಮೆಗಳ ಗಡಿಗಳನ್ನು ಹಾಕುತ್ತವೆ. ಬೇಲಿಯಿಲ್ಲದ ನೀರಿನ ಮೇಲೆ ಸಾವಿರಾರು ಮೈಲು ಹಾರಬಲ್ಲ ಹಕ್ಕಿ ತನ್ನ ನೀರನ್ನು ಬಿಟ್ಟು ಪಕ್ಕದ ನೀರಿಗೆ ಹೋಗುವುದಿಲ್ಲ. ಆದುದರಿಂದ ಹಕ್ಕಿಯನ್ನು ಅರಿಯಬೇಕಾದರೆ ಅದರ ಕೆಳಗಿನ ನೀರನ್ನು ಅರಿಯಬೇಕು. ಇಂದು ಇದು ಪಠ್ಯಪುಸ್ತಕದ ಮಾತು. ಅಂದು ಕಡಲ ಹಕ್ಕಿಯೆಂದರೆ ಕೊಕ್ಕಿನ ಉದ್ದ ಮತ್ತು ಗರಿಯ ಬಣ್ಣ ಎಂದಷ್ಟೇ ತಿಳಿದಿದ್ದವರ ನಡುವೆ ಅದು ಹೊಸ ಮಾತು.

ಈ ವಿಚಾರವನ್ನು ಅವನಿಗೆ ಕಲಿಸಿದ್ದು ಮುಖ್ಯವಾಗಿ ಪೆರು ದೇಶದ ತೀರ. ಅವನ ಜೀವನದ ಅತಿ ದೊಡ್ಡ ಸೋಲಿಗೂ ಅದೇ ತೀರ ರಂಗವಾಯಿತಾದ್ದರಿಂದ, ಅಲ್ಲಿಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಪೆರುವಿನ ಪಶ್ಚಿಮ ತೀರ ಮರುಭೂಮಿ. ಅದರ ಪಕ್ಕದ ಕಡಲು ಲೋಕದ ಅತ್ಯಂತ ಸಮೃದ್ಧ ಕಡಲುಗಳಲ್ಲೊಂದು. ತೀರದುದ್ದಕ್ಕೂ ಬೀಸುವ ಗಾಳಿ ಮೇಲಿನ ನೀರನ್ನು ಹೊರಕ್ಕೆ ತಳ್ಳುತ್ತದೆ. ಆಗ ಆಳದ ತಣ್ಣೀರು ಪೋಷಕದ್ರವ್ಯಗಳನ್ನು ಹೊತ್ತು ಮೇಲೇರುತ್ತದೆ. ಇದು ಹಂಬೋಲ್ಟ್ ಪ್ರವಾಹದ ಸೀಮೆ. ಆ ನೀರಿನಲ್ಲಿ ಸೂಕ್ಷ್ಮಸಸ್ಯಗಳು, ಅವುಗಳನ್ನು ತಿಂದು ಆಂಚೊವೆಟ ಎಂಬ ಬೆರಳುದ್ದದ ಮೀನುಗಳು ಎಣಿಕೆಗೆ ಸಿಗದಷ್ಟು ಬೆಳೆಯುತ್ತವೆ. ನಮ್ಮ ಕರಾವಳಿಯ ಭೂತಾಯಿ ಮೀನಿನ ದಾಯಾದಿಯೆಂದು ಅದನ್ನು ತಿಳಿಯಬಹುದು. ಈ ಮೀನನ್ನೇ ನಂಬಿ ಗ್ವಾನಾಯ್ ಎಂಬ ನೀರುಕಾಗೆ, ಪಿಕೆರೊ ಎಂಬ ಬೂಬಿ, ಹೆಜ್ಜಾರ್ಲೆ, ಈ ಮೂರು ಬಗೆಯ ಹಕ್ಕಿಗಳು ತೀರದ ದ್ವೀಪಗಳಲ್ಲಿ ಲಕ್ಷೋಪಲಕ್ಷವಾಗಿ ಗೂಡು ಮಾಡುತ್ತವೆ. ಮಳೆಯಿಲ್ಲದ ಸೀಮೆಯಾದುದರಿಂದ ಅವುಗಳ ಹಿಕ್ಕೆ ತೊಳೆದುಹೋಗದೆ ಪದರಪದರವಾಗಿ ನಿಲ್ಲುತ್ತದೆ. ಇದೇ ಗ್ವಾನೊ. ಇಂಕಾ ಅರಸರ ಕಾಲದಿಂದಲೂ ಅದು ಹೊಲಗಳ ಗೊಬ್ಬರ.

ಹತ್ತೊಂಬತ್ತನೆಯ ಶತಮಾನದ ನಡುವೆ ಯುರೋಪು ಈ ಗೊಬ್ಬರಕ್ಕೆ ಬಾಯಿಬಿಟ್ಟಿತು. ಚಿಂಚಾ ದ್ವೀಪಗಳಲ್ಲಿ ನೂರು ಅಡಿಗೂ ಮಿಕ್ಕಿದ ದಪ್ಪಕ್ಕೆ ಶೇಖರವಾಗಿದ್ದ ಗ್ವಾನೊವನ್ನು ಕೆಲವೇ ದಶಕಗಳಲ್ಲಿ ಬಂಡೆ ಕಾಣುವವರೆಗೆ ಕೆರೆದರು. ಕೆರೆದವರು ಚೀನದಿಂದ ಒಪ್ಪಂದದ ಹೆಸರಿನಲ್ಲಿ ತಂದ ಕೂಲಿಗಳು. ಅವರಲ್ಲಿ ಅನೇಕರು ಹಿಂದಿರುಗಲಿಲ್ಲ. ಆ ದ್ವೀಪಗಳಿಗಾಗಿ 1864ರಲ್ಲಿ ಸ್ಪೇನ್ ದೇಶ ಯುದ್ಧನೌಕೆಗಳನ್ನೇ ಕಳುಹಿಸಿತು. ಗೊಬ್ಬರ ಮುಗಿದ ಮೇಲೆ ಹಕ್ಕಿಗಳೂ ಮುಗಿಯುತ್ತ ಬಂದವು. ಅನಂತರ 1909ರಲ್ಲಿ ಪೆರು ಸರ್ಕಾರ ಗ್ವಾನೊ ಆಡಳಿತ ಸಂಸ್ಥೆಯೊಂದನ್ನು ನಿರ್ಮಿಸಿತು. ದ್ವೀಪಗಳಿಗೆ ಕಾವಲುಗಾರರು ಬಂದರು. ಬಂದೂಕು ಹಾರಿಸುವುದು ನಿಷಿದ್ಧವಾಯಿತು. ಒಂದೊಂದು ದ್ವೀಪಕ್ಕೂ ವಿಶ್ರಾಂತಿ ಕೊಟ್ಟು ಸರದಿಯಂತೆ ಗೊಬ್ಬರ ತೆಗೆಯುವ ಪದ್ಧತಿ ಬಂದಿತು. ಹಕ್ಕಿಗಳು ಮರಳಿದವು. ವರ್ಷಕ್ಕೆ ಕೆಲವು ಹತ್ತು ಸಾವಿರ ಟನ್ ಇದ್ದ ಉತ್ಪತ್ತಿ 1950ರ ದಶಕದ ನಡುವೆ ಮೂರು ಲಕ್ಷ ಟನ್ನನ್ನು ಮೀರಿತು.

ಮರ್ಫಿ ಮೊದಲ ಸಲ ಅಲ್ಲಿಗೆ ಹೋದದ್ದು 1919ರಲ್ಲಿ. ದ್ವೀಪದಿಂದ ದ್ವೀಪಕ್ಕೆ ಹೋಗಿ ಹಕ್ಕಿಗಳನ್ನು ನೋಡಿದನು, ಚಲನಚಿತ್ರ ತೆಗೆದನು, ನೀರಿನ ಉಷ್ಣತೆ ಅಳೆದನು. ಬೆಳಿಗ್ಗೆ ಮೀನಿಗೆ ಹೊರಡುವ ಗ್ವಾನಾಯ್‌ಗಳ ಸಾಲು ಕಡಲಿನ ಮೇಲೆ ಹೊಳೆಯಂತೆ ಹರಿದು ಗಂಟೆಗಳವರೆಗೆ ಮುಗಿಯುತ್ತಿರಲಿಲ್ಲ. 1925ರಲ್ಲಿ ಪ್ರಕಟವಾದ ಅವನ ‘ಬರ್ಡ್ ಐಲೆಂಡ್ಸ್ ಆಫ್ ಪೆರು’ ಈ ಅನುಭವದ ಫಲ. ಅದಕ್ಕೆ ಒಂದು ವರ್ಷ ಮುಂಚೆ ಜನಪ್ರಿಯ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಗ್ವಾನಾಯ್ ಹಕ್ಕಿಯನ್ನು ಲೋಕದ ಅತ್ಯಂತ ಬೆಲೆಬಾಳುವ ಹಕ್ಕಿಯೆಂದು ಸಾರಿದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೆ ಮರಳುತ್ತೇನೆ.

1925ರ ಆರಂಭದಲ್ಲಿ ಅವನು ಮತ್ತೆ ಆ ತೀರದಲ್ಲಿದ್ದಾಗ ಕಡಲು ತಲೆಕೆಳಗಾಯಿತು. ಉತ್ತರದಿಂದ ಬೆಚ್ಚನೆಯ ನೀರು ಇಳಿದುಬಂದಿತು. ಆಂಚೊವೆಟ ಮರೆಯಾಯಿತು. ಹಕ್ಕಿಗಳು ಗೂಡು, ಮೊಟ್ಟೆ, ಮರಿಗಳನ್ನು ಬಿಟ್ಟು ಹಾರಿದವು. ಹಸಿದ ಹಕ್ಕಿಗಳ ಹೆಣಗಳು ದಡದಲ್ಲಿ ರಾಶಿಬಿದ್ದವು. ವರ್ಷಗಟ್ಟಲೆ ಹನಿ ಕಾಣದ ಮರುಭೂಮಿಯ ಊರುಗಳಲ್ಲಿ ಮಳೆ ಸುರಿದು ಮಣ್ಣಿನ ಮನೆಗಳು ಕರಗಿಹೋದವು. ಅಲ್ಲಿಯ ಬೆಸ್ತರು ಕ್ರಿಸ್ತಜಯಂತಿಯ ಹೊತ್ತಿಗೆ ಬರುವ ಈ ಬಿಸಿನೀರನ್ನು ಬಾಲಯೇಸುವಿನ ಹೆಸರಿನಿಂದ ಎಲ್ ನಿನೊ ಎಂದು ಕರೆಯುತ್ತಿದ್ದರು. ಮರ್ಫಿ 1926ರಲ್ಲಿ ಅದರ ವಿವರಗಳನ್ನು ಶಾಸ್ತ್ರೀಯವಾಗಿ ಪ್ರಕಟಿಸಿದನು. ಆ ವಿಷಯದ ಮೊದಮೊದಲ ಒಳ್ಳೆಯ ದಾಖಲೆಗಳಲ್ಲಿ ಅದೊಂದು. ಈಗ ನಮ್ಮ ಬಯಲುಸೀಮೆಯ ರೈತರೂ ಆ ಹೆಸರನ್ನು ಬಲ್ಲರು. ಪೆರುವಿನ ಕಡಲು ಕಾದರೆ ನಮ್ಮ ಮುಂಗಾರು ಅನೇಕ ಸಲ ಸೊರಗುತ್ತದೆಂದು ವಾರ್ತೆಗಳಲ್ಲಿ ಕೇಳುತ್ತಾರೆ. ಚಿಂಚಾ ದ್ವೀಪದ ನೀರುಕಾಗೆಗೂ ಚಿತ್ರದುರ್ಗದ ಶೇಂಗಾ ಹೊಲಕ್ಕೂ ಇರುವ ಈ ನಂಟು ಮರ್ಫಿಗೆ ತಿಳಿದಿರಲಿಲ್ಲ.

ಅವನು ಕಂಡುಕೊಂಡ ಪಾಠ ಬೇರೆ. ಇಂಥ ಕ್ಷಾಮ ಆಗಾಗ ಬರುತ್ತದೆ, ಹಕ್ಕಿಗಳು ಸಾಯುತ್ತವೆ, ನೀರು ತಣ್ಣಗಾದ ಮೇಲೆ ಮೀನು ಮರಳುತ್ತದೆ, ಉಳಿದ ಹಕ್ಕಿಗಳು ಮತ್ತೆ ಹೆಚ್ಚುತ್ತವೆ. ಮೀನು ಮರಳುವವರೆಗೆ ಮಾತ್ರ ಈ ಚಕ್ರ ಸುತ್ತುತ್ತದೆ. ಆ ಮೀನಿಗೆ ಮೂರನೆಯ ಭಾಗಸ್ಥನೊಬ್ಬ ಬಂದರೆ?

ಆ ಭಾಗಸ್ಥನು ಬಂದನು. ಕ್ಯಾಲಿಫೋರ್ನಿಯದ ಸಾರ್ಡೀನ್ ಮೀನುಗಾರಿಕೆ ಕುಸಿದುಬಿದ್ದ ಮೇಲೆ ಅಲ್ಲಿಯ ಯಂತ್ರಗಳು ಅಗ್ಗವಾಗಿ ಪೆರುವಿಗೆ ಬಂದವು. ಆಂಚೊವೆಟವನ್ನು ಹಿಡಿದು, ಬೇಯಿಸಿ, ಒಣಗಿಸಿ, ಪುಡಿಮಾಡಿ, ಅಮೆರಿಕ ಯುರೋಪುಗಳ ಕೋಳಿಗಳಿಗೂ ಹಂದಿಗಳಿಗೂ ಮೇವಾಗಿ ಮಾರುವ ಉದ್ಯಮ ತಲೆಯೆತ್ತಿತು. (ನಮ್ಮ ಕರಾವಳಿಯಲ್ಲಿಯೂ ಮೀನುಹುಡಿಯ ಕಾರ್ಖಾನೆಗಳಿವೆ; ಆ ವಾಸನೆಯನ್ನು ಗಾಳಿ ತಿರುಗಿದಾಗ ನನ್ನ ತರಗತಿಯ ಕಿಟಕಿಯವರೆಗೂ ಬಂದದ್ದು ನಾನು ಬಲ್ಲೆ.) ಗ್ವಾನೊ ಸಂಸ್ಥೆ ಹೆದರಿತು. ಮರ್ಫಿಯ ಅಭಿಪ್ರಾಯ ಕೇಳಲಾಯಿತು. 1954ರಲ್ಲಿ ಅವನು ಗ್ವಾನೊ ಮತ್ತು ಆಂಚೊವೆಟ ಮೀನುಗಾರಿಕೆಯನ್ನು ಕುರಿತು ಸರ್ಕಾರಕ್ಕೆ ವರದಿ ಒಪ್ಪಿಸಿದನು. ಈ ಮೀನನ್ನು ಯಂತ್ರಗಳಿಗೆ ಬಿಟ್ಟುಕೊಟ್ಟರೆ ಹಕ್ಕಿಗಳು ಉಳಿಯಲಾರವು, ದೇಶದ ಹೊಲಗಳ ಗೊಬ್ಬರವೂ ಹೋಗುತ್ತದೆ ಎಂಬುದು ಅದರ ಸಾರಾಂಶ. ಅವನಿಗೆ ಆಗ 67 ವರ್ಷ. ಆ ತೀರದ ಪರಿಚಯ 35 ವರ್ಷಗಳದು.

ವರದಿ ಕಪಾಟು ಸೇರಿತು. ಉದ್ಯಮ ಕಡಲು ಸೇರಿತು. ಆ ದಶಕದ ನಡುವೆ ಎರಡು ಕೋಟಿಗೂ ಮಿಕ್ಕಿ ಇದ್ದ ಹಕ್ಕಿಗಳು 1957-58ರ ಎಲ್ ನಿನೊದಲ್ಲಿ ಹಿಂದಿನಂತೆಯೇ ಸತ್ತವು. ಆದರೆ ಈ ಸಲ ಹಿಂದಿನಂತೆ ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲ. 1965ರ ಇನ್ನೊಂದು ಬಿಸಿನೀರಿನ ತರುವಾಯ ಅರ್ಧ ಕೋಟಿಗೂ ಕಡಮೆ ಉಳಿದವು. ಅದೇ ಕಾಲದಲ್ಲಿ ಪೆರು ದೇಶ ಹಿಡಿದ ಮೀನಿನ ತೂಕದಲ್ಲಿ ಲೋಕಕ್ಕೇ ಮೊದಲನೆಯದಾಯಿತು. 1970ರಲ್ಲಿ ಹಿಡಿದ ಆಂಚೊವೆಟ 1 ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು.

ಈಗ ಹಿಂದೆ ಹೇಳಿದ ಮಾತಿಗೆ ಬರುತ್ತೇನೆ. ಮರ್ಫಿ ಮೂವತ್ತು ವರ್ಷ ಗ್ವಾನಾಯ್ ಹಕ್ಕಿಯ ಪರವಾಗಿ ವಾದಿಸಿದ್ದು ಅದರ ಬೆಲೆಯ ಆಧಾರದಿಂದ. ಮಂತ್ರಿಗಳಿಗೆ ಅರ್ಥವಾಗುವ ಭಾಷೆ ಅದೊಂದೇ ಎಂದು ಅವನು ತಿಳಿದಿದ್ದಿರಬೇಕು. ಬಹುಶಃ ಅದು ನಿಜವೂ ಹೌದು. ಆದರೆ ಹಕ್ಕಿಯನ್ನು ಸಂತೆಗೆ ಕರೆದುಕೊಂಡು ಹೋದವನು ಸಂತೆಯ ನ್ಯಾಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಹಿಕ್ಕೆಗಿಂತ ಮೀನುಹುಡಿಗೆ ಹೆಚ್ಚು ಹಣ ಸಿಕ್ಕಿದ ದಿನ, ಹಕ್ಕಿಯನ್ನು ಕಾಪಾಡುತ್ತಿದ್ದ ಅದೇ ವಾದ ಹಕ್ಕಿಯ ವಿರುದ್ಧ ತಿರುಗಿತು. ಮೀನನ್ನು ಕದಿಯುವ ಹಕ್ಕಿ ಎಂದು ಅದನ್ನು ಲೆಕ್ಕ ಹಾಕುವವರೂ ಹುಟ್ಟಿಕೊಂಡರು. ಇದನ್ನು ಅವನ ತಪ್ಪೆಂದು ನಾನು ಹೇಳಲಾರೆ. ಅವನ ಜಾಗದಲ್ಲಿ ನಾನಿದ್ದರೆ ಬೇರೆ ಯಾವ ಮಾತು ಆಡುತ್ತಿದ್ದೆನೆಂದು ಎಷ್ಟೋ ಸಲ ಯೋಚಿಸಿದ್ದೇನೆ, ಹೊಳೆದಿಲ್ಲ.

ಆದರೆ ಬೆಲೆಯೇ ಇಲ್ಲದ ಒಂದು ಹಕ್ಕಿಯ ಕಥೆಯೂ ಅವನ ಜೀವನದಲ್ಲಿದೆ. ಅದು ಅಟ್ಲಾಂಟಿಕ್ಕಿನ ಬರ್ಮುಡ ದ್ವೀಪಗಳಿಗೆ ಸೇರಿದ್ದು.

ಅಲ್ಲಿ ಕಹೌ ಎಂಬ ಕಡಲ ಹಕ್ಕಿಯೊಂದಿದ್ದಿತು. ಹಗಲೆಲ್ಲ ನಡುಗಡಲಿನಲ್ಲಿದ್ದು, ಗೂಡಿಗೆ ರಾತ್ರಿ ಮಾತ್ರ ಬಂದು, ಕತ್ತಲಲ್ಲಿ ವಿಕಾರವಾಗಿ ಕೂಗುವ ಹಕ್ಕಿ. ಆ ಕೂಗಿಗೆ ಹೆದರಿ ಹಳೆಯ ನಾವಿಕರು ಆ ದ್ವೀಪಗಳನ್ನು ಪಿಶಾಚಿಗಳ ನೆಲೆಯೆಂದು ಬಗೆದಿದ್ದರು. 1609ರಲ್ಲಿ ಇಂಗ್ಲಿಷರ ಹಡಗೊಂದು ಅಲ್ಲಿ ಒಡೆದು ಜನ ದಡ ಸೇರಿದ ಮೇಲೆ, ಅವರು ಅವುಗಳನ್ನು ಕೈಯಿಂದಲೇ ಹಿಡಿದು ತಿಂದರು. ವಸಾಹತು ಬಂದಿತು, ಇಲಿ, ಬೆಕ್ಕು ಬಂದವು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಆ ಪ್ರಾಣಿ ಇಪ್ಪತ್ತೇ ವರ್ಷಗಳಲ್ಲಿ ನಿರ್ನಾಮವಾಯಿತೆಂದು ಲೋಕ ನಂಬಿತು. ಮುನ್ನೂರು ವರ್ಷ ಅದು ಬರಿಯ ಹೆಸರು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲೊಂದು ಇಲ್ಲೊಂದು ಹಕ್ಕಿ ದೊರೆತಾಗ, ಎಲ್ಲೋ ಕೆಲವು ಉಳಿದಿರಬಹುದೆಂಬ ಗುಮಾನಿ ಹುಟ್ಟಿತು.

1951ರ ಜನವರಿಯಲ್ಲಿ ಮರ್ಫಿ ಬರ್ಮುಡಕ್ಕೆ ಹೋದನು. ಅಲ್ಲಿಯ ಮತ್ಸ್ಯಾಲಯದ ಲೂಯಿ ಮೌಬ್ರೆ ಅವನ ಜೊತೆಗಾರ. ಇನ್ನೊಬ್ಬನು ಡೇವಿಡ್ ವಿಂಗೇಟ್ ಎಂಬ 15 ವರ್ಷದ ಶಾಲಾಹುಡುಗ; ಹಕ್ಕಿಗಳ ಹುಚ್ಚನೆಂದು ತಿಳಿದು ಅವನನ್ನೂ ದೋಣಿಗೆ ಹತ್ತಿಸಿಕೊಂಡಿದ್ದರು. ಕ್ಯಾಸಲ್ ಹಾರ್ಬರಿನ ಬಾಯಿಯಲ್ಲಿ ಮಣ್ಣೂ ಇಲ್ಲದ ಕೆಲವು ಕಲ್ಲುದ್ವೀಪಗಳು. ಅವುಗಳಲ್ಲೊಂದರ ಬಂಡೆಯ ಬಿರುಕಿನ ಆಳದಲ್ಲಿ ಹಕ್ಕಿಯೊಂದು ಮೊಟ್ಟೆಯ ಮೇಲೆ ಕುಳಿತಿದ್ದಿತು. ಮೌಬ್ರೆ ಕೋಲಿನ ತುದಿಗೆ ಕುಣಿಕೆ ಕಟ್ಟಿ ಅದನ್ನು ಹೊರಗೆಳೆದನು. ಮರ್ಫಿಯ ಕೈಯಲ್ಲಿದ್ದುದು ಕಹೌ. ಗುಂಡು ಹೊಡೆದು ಚರ್ಮ ಸುಲಿಯುವ ಶಾಸ್ತ್ರದಲ್ಲಿ ಪಳಗಿದ 63ರ ಮುದುಕನು ಅದನ್ನು ನೋಡಿ, ಅಳೆದು, ಮತ್ತೆ ಬಿರುಕಿನೊಳಕ್ಕೆ ಬಿಟ್ಟನು. ‘ಡೈಸಿ’ಯಿಂದ ಈ ಬಂಡೆಯವರೆಗೆ ಅವನು ನಡೆದ ದಾರಿ ಇಷ್ಟು ಉದ್ದ.

ಲೋಕದಲ್ಲಿ ಉಳಿದಿದ್ದುದು ಸುಮಾರು 18 ಜೋಡಿಗಳು ಮಾತ್ರವೆಂದು ಮುಂದೆ ಗೊತ್ತಾಯಿತು. ಅವುಗಳಿಗೂ ಶಾಂತಿಯಿರಲಿಲ್ಲ. ಮಣ್ಣಿನಲ್ಲಿ ಬಿಲ ತೋಡುವ ಹಕ್ಕಿ, ಮಣ್ಣಿನ ದ್ವೀಪಗಳು ಇಲಿಗಳ ಪಾಲಾದುದರಿಂದ, ಬಂಡೆಯ ಬಿರುಕಿಗೆ ಬಂದಿದ್ದಿತು. ಆ ಬಿರುಕುಗಳಿಗೆ ಉದ್ದ ಬಾಲದ ಬಿಳಿಯ ಉಷ್ಣವಲಯದ ಹಕ್ಕಿ ಹಕ್ಕುದಾರ. ಅದು ನುಗ್ಗಿ ಕಹೌ ಮರಿಯನ್ನು ಕೊಂದು ಜಾಗ ಹಿಡಿಯುತ್ತಿದ್ದಿತು. 1954ರಲ್ಲಿ ಇದಕ್ಕೆ ಉಪಾಯ ದೊರೆಯಿತು. ಬಿರುಕಿನ ಬಾಯಿಗೆ ಅಳತೆ ಮಾಡಿದ ರಂಧ್ರವುಳ್ಳ ಮರದ ಹಲಗೆ. ಕಹೌ ನುಸುಳಬಲ್ಲದು, ಅದಕ್ಕಿಂತ ತುಸು ದೊಡ್ಡದಾದ ಬಿಳಿಯ ಹಕ್ಕಿ ನುಸುಳಲಾರದು. ಒಂದು ಜಾತಿಯ ಅಳಿವು ಉಳಿವು ಕೆಲವು ಮಿಲಿಮೀಟರುಗಳ ಮೇಲೆ ನಿಂತಿದ್ದಿತು. ದೋಣಿಯಲ್ಲಿದ್ದ ಹುಡುಗ ದೊಡ್ಡವನಾಗಿ, ಓದಿ, ಬರ್ಮುಡ ಸರ್ಕಾರದ ನಿಸರ್ಗಸಂರಕ್ಷಣಾಧಿಕಾರಿಯಾಗಿ, ತನ್ನ ಆಯುಷ್ಯವನ್ನೇ ಅದಕ್ಕೆ ಕೊಟ್ಟನು. ಈಗ ಜೋಡಿಗಳ ಸಂಖ್ಯೆ ನೂರನ್ನು ದಾಟಿದೆ. ಈ ಹಕ್ಕಿಯಿಂದ ಯಾರಿಗೂ ಮೂರು ಕಾಸಿನ ಲಾಭವಿಲ್ಲ.

ನಿವೃತ್ತನಾದ ಮೇಲೆ ಮರ್ಫಿ ಲಾಂಗ್ ಐಲೆಂಡಿನಲ್ಲಿ ನೆಲೆಸಿದ್ದಾಗ ಇನ್ನೊಂದು ಜಗಳಕ್ಕೆ ನಿಂತನು. 1957ರಲ್ಲಿ ಎಲೆತಿನ್ನುವ ಪತಂಗವನ್ನು ಕೊಲ್ಲಲೆಂದು ಸರ್ಕಾರ ವಿಮಾನಗಳಿಂದ ಡಿಡಿಟಿಯನ್ನು ಎಣ್ಣೆಯಲ್ಲಿ ಕಲಸಿ ಊರು, ತೋಟ, ಕೊಳಗಳೆನ್ನದೆ ಸಿಂಪಡಿಸಿತು. ನೆರೆಹೊರೆಯವರು ಕೋರ್ಟಿಗೆ ಹೋದರು. ವಾದಿಗಳ ಪಟ್ಟಿಯಲ್ಲಿ ಮೊದಲ ಹೆಸರು ಮರ್ಫಿಯದು. ಮುಖ್ಯ ದುಡಿಮೆ ಮಾರ್ಜರಿ ಸ್ಪಾಕ್ ಎಂಬ ಮಹಿಳೆಯದೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 1958ರಲ್ಲಿ ಇಪ್ಪತ್ತು ದಿನಗಳಿಗೂ ಮಿಕ್ಕಿ ವಿಚಾರಣೆ ನಡೆದು ದಾವೆ ವಜಾ ಆಯಿತು. 1960ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು, ನ್ಯಾಯಮೂರ್ತಿ ಡಗ್ಲಸ್ ಒಬ್ಬರು ಭಿನ್ನಾಭಿಪ್ರಾಯ ಬರೆದರು. ಹೀಗೆ ಅದೂ ಸೋಲೇ. ಆದರೆ ಆ ವಿಚಾರಣೆಗಾಗಿ ಸ್ಪಾಕ್ ಕೂಡಿಸಿದ ಕಾಗದಗಳು ರೇಚಲ್ ಕಾರ್ಸನ್ನಳ ಮೇಜಿಗೆ ಹೋದವು. 1962ರಲ್ಲಿ ಹೊರಬಂದ ‘ಸೈಲೆಂಟ್ ಸ್ಪ್ರಿಂಗ್’ ಅವುಗಳನ್ನು ಬಳಸಿಕೊಂಡಿತು. ಕೆಲವು ವರ್ಷಗಳ ಬಳಿಕ, ಹೊಲಗದ್ದೆಗಳಿಂದ ನೂರಾರು ಮೈಲು ದೂರದ ಕಡಲಿನಲ್ಲಿಯೇ ಬದುಕುವ ಕಹೌ ಹಕ್ಕಿಯ ಮೊಟ್ಟೆಗಳಲ್ಲಿಯೂ ಡಿಡಿಟಿಯ ಅಂಶ ದೊರೆಯಿತು. 1968ರಲ್ಲಿ ಅದು ಪ್ರಕಟವಾಯಿತು. ಬರೆದ ಇಬ್ಬರಲ್ಲಿ ಒಬ್ಬನು ವಿಂಗೇಟ್.

1972ರ ಕೊನೆಗೆ ಅಮೆರಿಕದಲ್ಲಿ ಬೆಳೆಗಳ ಮೇಲೆ ಡಿಡಿಟಿಯ ಬಳಕೆ ನಿಂತಿತು. ಅದೇ 1972ರಲ್ಲಿ ಪೆರುವಿನ ಕಡಲಿಗೆ ಮತ್ತೆ ಬಿಸಿನೀರು ಬಂದಿತು, ಕೋಟಿಗಟ್ಟಲೆ ಟನ್ ಹಿಡಿಯುತ್ತಿದ್ದ ಬಲೆಗಳು ಬರಿದಾದವು. 1973ರಲ್ಲಿ ಸಿಕ್ಕಿದ ಆಂಚೊವೆಟ ಸುಮಾರು 20 ಲಕ್ಷ ಟನ್ ಮಾತ್ರ. ಹಕ್ಕಿಗಳೂ ಹೋಗಿದ್ದವು, ಮೀನೂ ಹೋಯಿತು. ಆ ಮಾರ್ಚಿ 20ರಂದು, 85ರ ವಯಸ್ಸಿನಲ್ಲಿ, ಮರ್ಫಿ ತೀರಿಕೊಂಡನು. ಪೆರುವಿನ ಆ ಸುದ್ದಿ ಕೊನೆಯ ದಿನಗಳಲ್ಲಿ ಅವನನ್ನು ಯಾವ ರೀತಿ ಮುಟ್ಟಿತೋ ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ. ಮೀನು ಮುಂದೆ ಮರಳಿತು. ಹಕ್ಕಿಗಳು ಹಳೆಯ ಸಂಖ್ಯೆಗೆ ಮರಳಲೇ ಇಲ್ಲ. ಗ್ವಾನೊ ದ್ವೀಪಗಳನ್ನು ಪೆರು ಸರ್ಕಾರ ರಾಷ್ಟ್ರೀಯ ರಕ್ಷಿತ ಪ್ರದೇಶವೆಂದು ಸಾರಿದ್ದು 2009ರ ಡಿಸೆಂಬರ್ ಕೊನೆಯಲ್ಲಿ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನಾನು ಮರುದಿನ ಕೊಟ್ಟ ಉತ್ತರ ಮರ್ಫಿಯ ಪುಸ್ತಕದ್ದು: ಆಲ್ಬಟ್ರಾಸ್ ಸ್ಕ್ವಿಡ್ ಮತ್ತು ಮೀನುಗಳನ್ನು ತಿನ್ನುತ್ತದೆ, ದಕ್ಷಿಣದ ಒಂಟಿ ದ್ವೀಪಗಳ ಹುಲ್ಲಿನಲ್ಲಿ ಮಣ್ಣಿನ ದಿಬ್ಬ ಕಟ್ಟಿ ಒಂದೇ ಮೊಟ್ಟೆಯಿಡುತ್ತದೆ, ಆ ಮರಿ ಹಾರಲು ಸುಮಾರು ಒಂದು ವರ್ಷ ಬೇಕಾಗುವುದರಿಂದ ಎರಡು ವರ್ಷಕ್ಕೊಮ್ಮೆ ಮಾತ್ರ ಸಂಸಾರ ಹೂಡುತ್ತದೆ. ಇನ್ನೊಂದು ಸಂಗತಿ ನನಗೆ ಆಗ ತಿಳಿದಿರಲಿಲ್ಲ. ಮೈಲುಗಟ್ಟಲೆ ಉದ್ದದ ದಾರಕ್ಕೆ ಸಾವಿರಾರು ಗಾಳಗಳನ್ನು ಕಟ್ಟಿ ಬಿಡುವ ಮೀನುಗಾರಿಕೆ ಬಂದ ಮೇಲೆ, ಎರೆಯನ್ನು ಕಚ್ಚಿದ ಆಲ್ಬಟ್ರಾಸ್‌ಗಳು ಗಾಳದೊಡನೆ ಮುಳುಗಿ ಸಾಯತೊಡಗಿದವು. ದಕ್ಷಿಣ ಜಾರ್ಜಿಯದ ಸುತ್ತಲಿನ ನೀರಿನಲ್ಲಿ ಹಕ್ಕಿಶಾಸ್ತ್ರಜ್ಞರ ಸಲಹೆಯನ್ನು ಕೇಳಿದ್ದಾರೆ: ಗಾಳಗಳನ್ನು ರಾತ್ರಿ ಬಿಡುತ್ತಾರೆ, ಬೇಗ ಮುಳುಗಲು ಭಾರ ಕಟ್ಟುತ್ತಾರೆ, ಹಕ್ಕಿಗಳನ್ನು ಬೆದರಿಸಲು ಬಣ್ಣದ ಪಟ್ಟಿಗಳ ಹಗ್ಗ ಹಾರಿಸುತ್ತಾರೆ, ಸಂತಾನದ ಕಾಲದಲ್ಲಿ ಮೀನುಗಾರಿಕೆ ನಿಲ್ಲಿಸುತ್ತಾರೆ. ಅಲ್ಲಿ ಸಾವು ಬಹುಮಟ್ಟಿಗೆ ನಿಂತಿದೆ. ಆದರೆ ಈ ಹಕ್ಕಿ ಆಹಾರಕ್ಕಾಗಿ ದೂರದ ಕಡಲುಗಳಿಗೆ ಹೋಗುತ್ತದೆ. ಅಲ್ಲೆಲ್ಲ ಆ ಮಾತು ಇನ್ನೂ ನಡೆಯುತ್ತಿಲ್ಲ. ದ್ವೀಪದಲ್ಲಿ ಗೂಡು ಕಟ್ಟುವ ಜೋಡಿಗಳು 1960ರ ದಶಕದಿಂದೀಚೆಗೆ ಅರ್ಧದ ಸಮೀಪಕ್ಕೆ ಇಳಿದಿವೆ. ಬೇ ಆಫ್ ಐಲ್ಸ್ ಕೊಲ್ಲಿಯಲ್ಲಿ ಮರ್ಫಿ ಹೆಸರಿಟ್ಟ ಪ್ರಿಯಾನ್ ದ್ವೀಪಕ್ಕೆ, ಆಲ್ಬಟ್ರಾಸ್‌ಗಳು ಜೊತೆಗೂಡಿ ಮೊಟ್ಟೆಯಿಡುವ ವಾರಗಳಲ್ಲಿ, ಪ್ರವಾಸಿಗಳನ್ನು ಬಿಡುವುದಿಲ್ಲ. ಅದೇ ಕೊಲ್ಲಿಗೆ ಇಳಿಯುವ ಹಿಮನದಿಯ ಹೆಸರು ನಕ್ಷೆಗಳಲ್ಲಿ ಈಗಲೂ ಗ್ರೇಸ್ ಎಂದೇ ಇದೆ.